ಹೊನ್ನೂರಕ್ಕ ಇನ್ನೂ ಬೈದಿಲ್ಲ

ಮೊಬೈಲಿಗೆ ಮೆಸೇಜು ಬಂದರೆ ನಾನು ಹುಬ್ಬು ಹಾರಿಸಿ ಉತ್ತರ ಕೊಡುತ್ತೇನೆ. ಬೆರಳಿನಿಂದ ಒತ್ತಿ ಬರೆಯುವುದೆಲ್ಲ ಆಮೇಲಿನ ಮಾತು. ಎಷ್ಟೋ ಸಲ ಬರೆಯುವುದೇ ಇಲ್ಲ, ಏಕೆಂದರೆ ನನ್ನ ಮಟ್ಟಿಗೆ ಉತ್ತರ ಆಗಲೇ ಹೋಗಿಬಿಟ್ಟಿರುತ್ತದೆ. "ಊಟ ಆಯ್ತಾ?" ಎಂದು ತಂಗಿ ಕೇಳಿದರೆ ಗದ್ದ ಮೇಲೆತ್ತುತ್ತೇನೆ. "ಸಂತೆಗೆ ಬರ್ತೀಯಾ?" ಎಂದರೆ ತುಟಿ ಓರೆ ಮಾಡುತ್ತೇನೆ. ಆಮೇಲೆ ಸಂಜೆಯವರೆಗೆ ಕಾದು, ಇವಳಿಗೆಷ್ಟು ಕೊಬ್ಬು, ನಾನು ಅಷ್ಟು ಹೇಳಿದರೂ ಒಂದು ಮಾತಿಲ್ಲವಲ್ಲ ಎಂದು ಮುಖ ಊದಿಸಿಕೊಳ್ಳುತ್ತೇನೆ. ನನ್ನ ಮಗಳಿಗೆ ಇದನ್ನು ನೋಡುವುದೇ ಒಂದು ಮನರಂಜನೆ.

"ಅವ್ವಾ, ಫೋನ್‌ಗೆ ನಿನ್ನ ಹುಬ್ಬು ಕಾಣಾಕಿಲ್ಲ ಕಣವ್ವಾ."

"ನಂಗೊತ್ತಿಲ್ವೇನೇ?" ಎನ್ನುತ್ತೇನೆ. ಹೇಳುವಾಗಲೂ ಹುಬ್ಬು ಹಾರಿಸಿಯೇ ಇರುತ್ತೇನೆ. ತಪ್ಪು ನನ್ನದಲ್ಲ, ಜೀನ್ಸ್ ಪ್ಯಾಂಟಿನದು. ಅದನ್ನು ಹೇಳುವ ಮುಂಚೆ ಈಚೆಗೆ ನನಗೆ ಬಂದ ಕಷ್ಟವನ್ನು ಹೇಳಿಬಿಡುತ್ತೇನೆ.

ಹೋದ ವಾರ ಮಡಕಶಿರಾದಲ್ಲಿ ನನ್ನದೇ ಒಂದು ಹೊಲಿಗೆ ಅಂಗಡಿ ತೆರೆದೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿ, ಒಂದೇ ಕೋಣೆ, ಎರಡು ಮಿಷಿನ್ನು. ಬಾಗಿಲಿಗೆ ಮಾವಿನೆಲೆ ಕಟ್ಟಿ, ನಾನೇ ಹೊಲಿದ ಮೊದಲ ಪ್ಯಾಂಟನ್ನು ಮೊಳೆಗೆ ನೇತುಹಾಕಿ, ಫೋಟೋ ತೆಗೆದು, ನಾನು ಹಿಂದೆ ಕೆಲಸ ಮಾಡುತ್ತಿದ್ದ ರಾಯದುರ್ಗದ ಜೀನ್ಸ್ ಯೂನಿಟ್ಟಿನ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ಗುಲಾಬಿ ಹೂ ಬಂದವು. ಹೆಬ್ಬೆರಳು ಬಂದವು. "ಸೂಪರ್ ಅಕ್ಕಾ" ಬಂತು. ಒಬ್ಬರು ಪಟಾಕಿ ಹೊಡೆಯುವ ಗೊಂಬೆಯನ್ನೂ ಕಳಿಸಿದರು. ಎಲ್ಲರೂ ಹೊಗಳಿದರು. ಬೈಯಬೇಕಾದವರು ಮಾತ್ರ ಬೈಯಲಿಲ್ಲ. ಅಲ್ಲಿ ನನ್ನ ಕೆಲಸ ನೋಡುತ್ತಿದ್ದ ಹೊನ್ನೂರಕ್ಕ ನೋಡಿದ್ದಾಳೆ ಎಂದು ನೀಲಿ ಗೀಟು ಹೇಳುತ್ತಿತ್ತು. ನೋಡಿಯೂ ಸುಮ್ಮನಿದ್ದಾಳೆ. ಹಗಲೆಲ್ಲ ಫೋನು ತೆಗೆದು ತೆಗೆದು ನೋಡಿ, ಒಂದು ಬೈಗುಳವೂ ಸಿಗದೆ, ನನಗೆ ಅನ್ನ ರುಚಿಸದಂತಾಯಿತು.

ಬೈಸಿಕೊಳ್ಳಲು ಇಷ್ಟೊಂದು ಆಸೆ ಯಾಕೆ ಎಂದು ನೀವು ಕೇಳುತ್ತೀರಿ. ಕೇಳಿ, ನನಗೂ ಹೇಳಬೇಕಾಗಿದೆ.

ನಾನು ಅಗಳಿ ಕಡೆಯ ಹುಡುಗಿ. ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆಹುಳು. ಹುಳು ಮನೆಯಲ್ಲಿ ಗಟ್ಟಿಯಾಗಿ ಮಾತಾಡಬಾರದು ಎಂಬುದು ನಮ್ಮಜ್ಜಿಯ ಕಾನೂನು. ರಾತ್ರಿ ಸೊಪ್ಪು ಹಾಕಿ ಬಂದು ಮಲಗಿದರೆ ಹುಳುಗಳು ಮೇಯುವ ಸದ್ದು ಕೇಳುತ್ತಿತ್ತು. ಬಂದವರು ಯಾರಾದರೂ ತಟ್ಟೆಯಲ್ಲಿ ದುಂಡುದುಂಡಗೆ ಹೊರಳುತ್ತಿದ್ದ ಹುಳುಗಳನ್ನು ನೋಡಿ ಬಾಯಿ ತೆರೆಯುವ ಮೊದಲೇ ಅಜ್ಜಿ, "ಬರೀ ರೋಗದ ಹುಳ ಕಣವ್ವಾ, ಈ ಸಲ ಗೂಡೇ ಕಟ್ಟಾಕಿಲ್ಲ" ಎಂದು ಅಳುಮುಖ ಮಾಡಿಬಿಡುತ್ತಿದ್ದಳು. ಅವರು ಆಚೆ ಹೋದ ಕೂಡಲೇ ನನ್ನ ಕಡೆ ತಿರುಗಿ ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಳು. ಕೂಸಿಗೆ ದೃಷ್ಟಿಯಾಗುತ್ತದೆ, ಕುರಿಮರಿಗೆ ಆಗುತ್ತದೆ, ರೇಷ್ಮೆಹುಳುವಿಗೂ ಆಗುತ್ತದೆ. ಇಷ್ಟು ನನಗೆ ಗೊತ್ತಿತ್ತು. ಪ್ಯಾಂಟಿಗೂ ದೃಷ್ಟಿಯಾಗುತ್ತದೆಂದು ಗೊತ್ತಿದ್ದವರು ರಾಯದುರ್ಗದವರು ಮಾತ್ರ.

ಮದುವೆಯಾದ ಮೇಲೆ ನಾನು ರಾಯದುರ್ಗಕ್ಕೆ ಬಂದೆ. ಗಂಡ ಬಳ್ಳಾರಿಗೆ ಜೀನ್ಸ್ ಬಂಡಲು ಸಾಗಿಸುವ ಟೆಂಪೋ ಓಡಿಸುತ್ತಿದ್ದರು. ಆಗ ಊರಲ್ಲಿ ಯಾವ ಸಂದಿಗೆ ಹೋದರೂ ಮಿಷಿನ್ನಿನ ಸದ್ದು, ಮೋರಿಯಲ್ಲಿ ನೀಲಿ ನೀರು. ನನ್ನನ್ನೂ ಒಂದು ಯೂನಿಟ್ಟಿಗೆ ಸೇರಿಸಿದರು. ತಗಡಿನ ಚಾವಣಿ, ಅದರ ಕೆಳಗೆ ಸಾಲುಸಾಲು ಮಿಷಿನ್ನು. ಎಲ್ಲ ಒಟ್ಟಿಗೆ ಶುರುವಾದರೆ ಪಕ್ಕದವಳು ಕಿವಿಯಲ್ಲಿ ಕೂಗಿದರೂ ಕೇಳದು. ನಾನೋ ಮಾತಿನ ಮಲ್ಲಿ. ಹುಳು ಮನೆಯ ಮೌನವನ್ನು ದಾಟಿ ಬಂದೆನಲ್ಲ, ಇನ್ನು ಬಾಯಿತುಂಬ ಮಾತಾಡಬಹುದು ಎಂದುಕೊಂಡು ಬಂದಿದ್ದೆ. ಇಲ್ಲಿ ನೋಡಿದರೆ ಮಾತಾಡಿ ಉಪಯೋಗವೇ ಇಲ್ಲ.

ಆದರೆ ಅಲ್ಲಿ ಯಾರೂ ಸುಮ್ಮನಿರಲಿಲ್ಲ. ಎಲ್ಲರೂ ಮುಖದಲ್ಲಿ ಮಾತಾಡುತ್ತಿದ್ದರು. ಮೂಗು ಮುಟ್ಟಿಕೊಂಡರೆ ನಶ್ಯ ಹಾಕುವ ಯೂನಿಟ್ಟಿನ ಸಾವ್ಕಾರರು ಬಂದರು ಎಂದು ಅರ್ಥ. ಕೆನ್ನೆ ಉಬ್ಬಿಸಿದರೆ ಚಹಾದವನ ಸೈಕಲ್ಲು ಬಂತು. ಒಂದು ಕಣ್ಣು ಮುಚ್ಚಿದರೆ ಸೂಜಿ ಮುರಿಯಿತು. ಎಲ್ಲಕ್ಕಿಂತ ದೊಡ್ಡ ಮಾತುಗಾರ್ತಿ ನನ್ನ ಎದುರು ಸಾಲಿನ ಹೊನ್ನೂರಕ್ಕ. ಅಗಲ ಮುಖ, ಎರಡೂ ಕಡೆ ಮೂಗುಬಟ್ಟು, ಕುಣಿಯುವ ಹುಬ್ಬು. ಅತ್ತೆಯ ಜೊತೆ ಬೆಳಿಗ್ಗೆ ಆಡಿದ ಜಗಳವನ್ನು ಒಂದು ಕಾಲಿನ ಸೈಡ್ ಹೊಲಿಗೆ ಮುಗಿಯುವಷ್ಟರಲ್ಲಿ ಬರೀ ಹುಬ್ಬಿನಲ್ಲೇ ಹೇಳಿ ಮುಗಿಸುತ್ತಿದ್ದಳು. ಎರಡನೇ ಕಾಲಿಗೆ ಬರುವಾಗ ರಾಜಿಯಾಗಿರುತ್ತಿತ್ತು. ನಾನು ನಗುತ್ತ ನಗುತ್ತ ಎಷ್ಟೋ ಜೇಬನ್ನು ಸೊಟ್ಟಗೆ ಹೊಲಿದಿದ್ದೇನೆ.

ಹೊಸಬರ ಕೆಲಸ ನೋಡುವುದು ಹೊನ್ನೂರಕ್ಕನ ಪಾಲಿಗೆ ಬಂದಿತ್ತು. ಮೊದಲ ದಿನ ನಾನು ಹೊಲಿದದ್ದನ್ನು ತಿರುವಿ ನೋಡಿ, "ಚಲೋ ಐತಿ" ಎಂದಳು. ಮಾರನೇ ದಿನವೂ "ಚಲೋ ಐತ್ಯವ್ವ." ನಾನು ಹಿಗ್ಗಿ ಹೀರೇಕಾಯಿಯಾದೆ. ಅಂದೇ ಅಗಳಿಗೆ ಫೋನು ಮಾಡಿ, "ಇಲ್ಲಿ ಎಲ್ಲಾರೂ ನನ್ನ ಹೊಗಳಾದೇ ಹೊಗಳಾದು ಕಣವ್ವಾ" ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಅದನ್ನು ಊರಿಗೆಲ್ಲ ಹಂಚಿದಳು.

ಪಕ್ಕದ ಮಿಷಿನ್ನಿನ ಮಾಬುನ್ನಿ ಮಾತ್ರ ನನ್ನನ್ನು ಮರುಕದಿಂದ ನೋಡುತ್ತಿದ್ದಳು. ಅವಳು ತನ್ನ ಎಳೆಗೂಸನ್ನು ಕಿಟಕಿಯ ಸರಳಿಗೆ ಸೀರೆ ಜೋಲಿ ಕಟ್ಟಿ ಮಲಗಿಸಿ, ಒಂದು ಕಾಲು ಮಿಷಿನ್ನಿಗೆ, ಒಂದು ಕೈ ಜೋಲಿಯ ಹಗ್ಗಕ್ಕೆ ಇಟ್ಟು ಕೆಲಸ ಮಾಡುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಕರೆಂಟು ಹೋಗಿ ಎಲ್ಲ ತಣ್ಣಗಾದಾಗ ಕೇಳಿದಳು.

"ಪಾಪ, ನಿನಗಿನ್ನೂ ಚಲೋ ಐತಿ ಅಂತಾಳೇನು ಹೊನ್ನೂರಕ್ಕ?"

"ದಿನಾ ಅಂತಾಳೆ!"

"ಇರ್ಲಿ ಬಿಡು, ಬೇಜಾರ್ ಮಾಡ್ಕೋಬ್ಯಾಡ. ನನಗೂ ಮೊದಲ ಹಂಗ ಅಂತಿದ್ಲು. ಕೈ ಕುಂದರ್ಲಿ, ಆಮ್ಯಾಲ ಉಗುಳ್ತಾಳ."

ಆಗ ಗೊತ್ತಾಯಿತು. ಆ ಯೂನಿಟ್ಟಿನಲ್ಲಿ ಒಳ್ಳೆಯ ಕೆಲಸವನ್ನು ಯಾರೂ ಒಳ್ಳೆಯದು ಎನ್ನುವಂತಿಲ್ಲ. ಹಾಗಂದುಬಿಟ್ಟರೆ ದೃಷ್ಟಿ ತಾಗಿ ಮುಂದಿನ ಪೀಸಿಗೆ ಸೂಜಿ ಮುರಿಯುತ್ತದೆ, ಬಟ್ಟೆ ಹರಿಯುತ್ತದೆ, ಬಂಡಲೇ ವಾಪಸು ಬರುತ್ತದೆ. ಕೆಲಸ ಚೆಂದವಾದಷ್ಟೂ ಬೈಗುಳ ಜೋರು. ತೀರಾ ಚೆಂದವಾದರೆ ಹೊನ್ನೂರಕ್ಕ ಅದರ ಜೇಬಿನೊಳಗೆ, ಯಾರಿಗೂ ಕಾಣದ ಮೂಲೆಯಲ್ಲಿ, ಕಪ್ಪು ದಾರದ ಒಂದು ಪುಟ್ಟ ಹೊಲಿಗೆ ಹಾಕಿಬಿಡುತ್ತಿದ್ದಳು, ಕೂಸಿನ ಗಲ್ಲಕ್ಕೆ ಕಾಡಿಗೆ ಬೊಟ್ಟು ಇಟ್ಟ ಹಾಗೆ. ನಿಮ್ಮ ಮನೆಯಲ್ಲಿ ಹಳೆಯ ಜೀನ್ಸ್ ಇದ್ದರೆ ಒಮ್ಮೆ ಜೇಬು ತಿರುವಿ ನೋಡಿ. "ಚಲೋ ಐತಿ" ಎನ್ನುವುದು ಇನ್ನೂ ದೃಷ್ಟಿ ತಾಗುವಷ್ಟು ದೊಡ್ಡವರಾಗದವರಿಗೆ ಹೇಳುವ ಸಮಾಧಾನದ ಮಾತು. ನಾನು ಅದನ್ನು ಊರಿಗೆ ಫೋನು ಮಾಡಿ ಬೇರೆ ಹೇಳಿದ್ದೆ! ಆವತ್ತಿನಿಂದ ನನ್ನ ಬಾಳಿನ ಗುರಿ ಒಂದೇ ಆಯಿತು: ಹೊನ್ನೂರಕ್ಕನ ಬಾಯಿಂದ ಉಗಿಸಿಕೊಳ್ಳುವುದು.

ಹೀಗಿರುವಾಗ ನಮ್ಮ ಸಾವ್ಕಾರರಿಗೆ ವಾಟ್ಸಾಪ್ ಹಿಡಿಯಿತು. ದೊಡ್ಡ ಫೋನು ತಂದಿದ್ದರು. ಎಲ್ಲಿಂದಲೋ ಕೇಳಿಕೊಂಡು ಬಂದು, ಮಿಷಿನ್ನೆಲ್ಲ ನಿಲ್ಲಿಸಿ ಭಾಷಣ ಮಾಡಿದರು.

"ಇನ್ನ ಮ್ಯಾಲ ಕೆಲಸದ ಟೈಮ್ನಾಗ ಯಾರೂ ಯಾರ ಮುಖಾನೂ ನೋಡಂಗಿಲ್ರಿ. ತಲಿ ಬಗ್ಗಿಸಿ ಕೆಲಸ. ಹೇಳದೇನಿದ್ರೂ ಗ್ರೂಪ್ನಾಗ ಹಾಕ್ರಿ. ಅರ್ಥಮೈಂದಾ?"

ಅರ್ಥವಾಯಿತು ಎಂದು ಎಲ್ಲರೂ ಹುಬ್ಬು ಹಾರಿಸಿದೆವು. "ಗ್ರೂಪ್ನಾಗ, ಗ್ರೂಪ್ನಾಗ!" ಎಂದು ಸಾವ್ಕಾರರು ಕೂಗಿದರು.

ಗ್ರೂಪಿನ ಹೆಸರು "ನಮ್ಮ ಯೂನಿಟ್ ನಮ್ಮ ಫ್ಯಾಮಿಲಿ". ಆ ಫ್ಯಾಮಿಲಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಪಕ್ಕೆ ಹಿಡಿದುಕೊಂಡು ನಗು ಬರುತ್ತದೆ. ಕೈಚಾಚಿದರೆ ಸಿಗುವ ಕತ್ತರಿಯನ್ನು ಗ್ರೂಪಿನಲ್ಲಿ ಕೇಳಬೇಕು. ಮೆಸೇಜು ನೋಡಲು ಎಲ್ಲರೂ ಮಿಷಿನ್ನು ನಿಲ್ಲಿಸಬೇಕು. ಬರೆಯಲು ಬಾರದವರು ಮಾತಾಡಿ ಕಳಿಸುತ್ತಿದ್ದರು. ಅದನ್ನು ಒತ್ತಿ ಕಿವಿಗೆ ಹಿಡಿದರೆ ಮಿಷಿನ್ನುಗಳ ಗರ್ರ್ ಬಿಟ್ಟರೆ ಬೇರೇನೂ ಇಲ್ಲ. ಬೆಳಿಗ್ಗೆ ಎದ್ದರೆ ಗುಲಾಬಿ, ಮಲಗುವಾಗ ಚಂದ್ರ. ಗ್ರೂಪಿನಲ್ಲಿ ಹೆಸರಿಲ್ಲದ ಒಂದು ನಂಬರಿತ್ತು, ಫೋಟೋದ ಜಾಗದಲ್ಲಿ ದಾಸವಾಳ. ಅದು ಮಿಷಿನ್ ರಿಪೇರಿಯವನದು ಎಂದೇ ನಾವೆಲ್ಲ ತಿಳಿದಿದ್ದೆವು. ಒಮ್ಮೆ ಮಾಬುನ್ನಿ ಪಾಪ, "ಸಾವ್ಕಾರ್ರೆ, ಬಾತ್ರೂಮಿಗೆ ಹೋಗಿ ಬರ್ಲೇನ್ರಿ" ಎಂದು ಹಾಕಿದಳು. ಸಾವ್ಕಾರರು ನೋಡಲಿಲ್ಲ. ದಾಸವಾಳದ ನಂಬರಿನಿಂದ ಹೆಬ್ಬೆರಳು ಬಂತು. ಅವಳು ಹೋಗಿಬಂದಳು.

ಆ ದಿನಗಳಲ್ಲೇ ಸಾವ್ಕಾರರಿಗೆ ದಾವಣಗೆರೆಯ ಒಬ್ಬ ಬಟ್ಟೆ ಅಂಗಡಿಯವರಿಂದ ನೇರ ಆರ್ಡರು ಸಿಗುವ ಹಾಗಾಯಿತು. ಅದುವರೆಗೆ ನಾವು ಬಳ್ಳಾರಿಯ ದೊಡ್ಡವರು ಕತ್ತರಿಸಿ ಕೊಟ್ಟದ್ದನ್ನು ಹೊಲಿದು ಕಳಿಸುವವರು. ಈಗ ಪ್ಯಾಂಟು ಪೂರ್ತಿ ನಮ್ಮದೇ. ಸ್ಯಾಂಪಲ್ ಹೊಲಿಯಬೇಕಾದವಳು ಹೆರಿಗೆಗೆ ಹೋಗಿದ್ದಳು. ಸಾವ್ಕಾರರ ಕಣ್ಣು ನನ್ನ ಮೇಲೆ ಬಿತ್ತು. ಸ್ಯಾಂಪಲ್ ಒಪ್ಪಿಗೆಯಾದರೆ ಕಿಟಕಿ ಪಕ್ಕದ, ಫ್ಯಾನಿನ ಕೆಳಗಿನ ಸ್ಯಾಂಪಲ್ ಮಿಷಿನ್ನು ನನ್ನದು. ಆಗದಿದ್ದರೆ ಮೂಲೆಯಲ್ಲಿ ದಾರ ಕತ್ತರಿಸುವ ಕೆಲಸ. ನಾನು ದೇವರನ್ನು ನೆನೆಯುತ್ತ ಹೊಲಿದೆ. ಹೊಲಿಗೆಯ ಗೆರೆ ಎಲ್ಲೂ ಓಡಲಿಲ್ಲ. ಬೆಲ್ಟು ಸರಿಯಾಗಿ ಕೂತಿತು. ಜಿಪ್ಪು ಎಳೆದರೆ ಬೆಣ್ಣೆ. ಸಾವ್ಕಾರರು ಅದನ್ನು ಬೇವಿನ ಗಿಡಕ್ಕೆ ನೇತುಹಾಕಿ ಫೋಟೋ ತೆಗೆದು ಗ್ರೂಪಿಗೆ ಹಾಕಿದರು.

ಎಲ್ಲರ ಫೋನೂ ಗುಂಯ್ ಎಂದಿತು. ನಾನು ತಲೆ ಬಗ್ಗಿಸಿಯೇ ತೆರೆದೆ. ಹೊನ್ನೂರಕ್ಕನದು ಮೊದಲು ಬಂದಿತ್ತು.

"ಥೂ. ಇದೇನು ಪ್ಯಾಂಟೋ ಗೋಣಿಚೀಲೋ."

ಉಗಿದಳು! ಆದರೆ ಮರುಗಳಿಗೆ ಅನುಮಾನ. ನಿಜವಾಗಿಯೇ ಗೋಣಿಚೀಲವಾಗಿದೆಯೋ ಏನೋ! ಅಕ್ಷರಕ್ಕೆ ಹುಬ್ಬಿಲ್ಲವಲ್ಲ, ಏನೆಂದು ನಂಬುವುದು? ಸಾವ್ಕಾರರ ಕಾನೂನು ಗಾಳಿಗೆ ತೂರಿ ತಲೆ ಎತ್ತಿದೆ. ಎದುರು ಸಾಲಿನಲ್ಲಿ ಹೊನ್ನೂರಕ್ಕ ಮೊದಲೇ ತಲೆ ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮೂಗುಬಟ್ಟು ಎರಡೂ ಕುಣಿಯುತ್ತಿದ್ದವು, ಕಣ್ಣು ತುಂಬಿತ್ತು. ನನಗೆ ಎದ್ದು ಹೋಗಿ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಉಳಿದವರಿಗೂ ಹುರುಪು ಹತ್ತಿತು. "ಬೆದರುಬೊಂಬಿಗೆ ತೊಡಸ್ರಿ." "ನಾಯಿನೂ ಮೂಸಂಗಿಲ್ಲ." "ಇದನ್ನ ಹಾಕ್ಕೊಂಡೋನ್ಗೆ ಹೆಣ್ಣು ಕೊಡಲ್ಲ." "ಥೂ ಥೂ ಥೂ." ಚಹಾದವನನ್ನೂ ಗ್ರೂಪಿಗೆ ಸೇರಿಸಿದ್ದರು. ಅವನೂ ಬಿಡದೆ, "ನನ್ನ ಸೈಕಲ್ ಒರಸಾಕ ಕೊಡ್ರಿ" ಎಂದು ಹಾಕಿದ. ನಾನು ಒಂದೊಂದನ್ನೂ ಓದಿ ಸ್ವರ್ಗಕ್ಕೆ ಏಣಿ ಹತ್ತುತ್ತಿದ್ದೆ. ಆಗ ಗ್ರೂಪಿನಿಂದ ದಾಸವಾಳದ ನಂಬರು ಹೊರಗೆ ಹೋಯಿತು.

ಒಂದು ನಿಮಿಷವಾಗಿರಬೇಕು. ಸಾವ್ಕಾರರು ತಲೆ ಮೇಲೆ ಕೈ ಹೊತ್ತು ಓಡಿಬಂದರು. ದಾಸವಾಳವೇ ದಾವಣಗೆರೆಯ ಅಂಗಡಿಯವರು! ಕೆಲಸ ಹೇಗೆ ನಡೆಯುತ್ತದೆಂದು ಅವರೇ ನೋಡಿಕೊಳ್ಳಲಿ ಎಂದು ಸಾವ್ಕಾರರು ಅವರನ್ನೂ ಫ್ಯಾಮಿಲಿಗೆ ಸೇರಿಸಿದ್ದರು. ಹೊಲಿದವರೇ ಉಗಿಯುವಂಥ ಪ್ಯಾಂಟು ನಮಗೆ ಬೇಡ, ಆರ್ಡರು ರದ್ದು ಎಂದು ಫೋನು ಬಂದಿತ್ತು.

"ಕೊಂಪ ಮುಂಚೇಶಾರು!" ಮನೆ ಮುಳುಗಿಸಿದಿರಲ್ಲ ಎಂದು ಸಾವ್ಕಾರರು ತೆಲುಗಿಗೆ ಇಳಿದರು. ದುಃಖ ಬಂದರೆ ಅವರು ತೆಲುಗು, ಸಿಟ್ಟು ಬಂದರೆ ಕನ್ನಡ. ಆಮೇಲೆ ಕನ್ನಡಕ್ಕೆ ಬಂದರು. "ಈಗಿಂದೀಗ ಎಲ್ಲಾರೂ ಚಲೋ ಐತಿ ಅಂತ ಬರೀರಿ. ಅವರಿಗೆ ತೋರಿಸ್ತೀನಿ."

ಯಾರೂ ಫೋನು ಮುಟ್ಟಲಿಲ್ಲ.

"ಅದೊಂದ್ ಆಗಂಗಿಲ್ರಿ ಸಾವ್ಕಾರ್ರೆ," ಎಂದಳು ಹೊನ್ನೂರಕ್ಕ. "ಇಂಥಾ ಪ್ಯಾಂಟಿಗೆ ಚಲೋ ಅಂದ್ರ ಈ ಹುಡುಗಿ ಕೈ ಏನಾಗಬೇಕ್ರಿ? ನನ್ನ ಕೈ ಬಿದ್ದು ಹೋದ್ರೂ ಬರ್ಯಂಗಿಲ್ಲ."

"ಆರ್ಡರ್ ಹೋಗ್ತೈತ್ಯಮ್ಮಾ!"

"ಕರಸ್ರಿ ಅವರ್ನ. ಮುಖ ನೋಡಿ ಮಾತಾಡಾನು. ಫೋನ್ನಾಗ ಹುಟ್ಟಿದ ಜಗಳ ಫೋನ್ನಾಗ ಸಾಯಂಗಿಲ್ಲ."

ಒಳ್ಳೆಯ ಗಳಿಗೆ, ಆ ಅಂಗಡಿಯವರು ಬೇರೆ ವ್ಯಾಪಾರಕ್ಕೆ ಬಳ್ಳಾರಿಗೇ ಬಂದಿದ್ದರು. ನನ್ನ ಗಂಡನ ಟೆಂಪೋದಲ್ಲೇ ಸಾವ್ಕಾರರು ಹೋಗಿ, ಏನು ಬೇಡಿಕೊಂಡರೋ, ಮಾರನೇ ದಿನ ಕರೆತಂದರು. ಗುಂಡಗಿನ ಮನುಷ್ಯ, ಹಣೆಯಲ್ಲಿ ವಿಭೂತಿ. ಬಂದವರೇ ಕೂರಲೂ ಇಲ್ಲ, ಚಹಾವನ್ನೂ ಮುಟ್ಟಲಿಲ್ಲ. ಮಿಷಿನ್ನೆಲ್ಲ ನಿಂತವು. ಅವರು ಕನ್ನಡಕ ಏರಿಸಿ ಫೋನು ಮುಖಕ್ಕೆ ಹಿಡಿದರು.

"ಗೋಣಿಚೀಲ. ಯಾರ್ರಿ ಇದನ್ನ ಬರೆದೋರು?"

"ನಾನ್ರಿ," ಎಂದು ಹೊನ್ನೂರಕ್ಕ ಕೈ ಎತ್ತಿದಳು. ಮುಖದಲ್ಲಿ ಬಹುಮಾನ ಬಂದಷ್ಟು ಹೆಮ್ಮೆ.

"ಬೆದರುಬೊಂಬೆ?"

"ಅದು ನಂದ್ರಿ!" ಮಾಬುನ್ನಿ ಎದ್ದು ನಿಂತಳು.

"ಹೆಣ್ಣು ಕೊಡಲ್ಲ?" ಹಿಂದಿನ ಸಾಲಿನಲ್ಲಿ ಕಿಸಕ್ಕೆಂದಿತು. ಅವರು ಒಂದೊಂದನ್ನೂ ಸಿಟ್ಟಿನಿಂದ ಓದುವುದು, ಬರೆದವರು ಸಂಭ್ರಮದಿಂದ ಕೈ ಎತ್ತುವುದು. ಬಾಗಿಲಲ್ಲಿದ್ದ ಚಹಾದವ ತನ್ನ ಸರದಿ ಬಂತೆಂದು ಕೂಗಿಯೇ ಬಿಟ್ಟ. ಎಲ್ಲರಿಗೂ ನಗು ಉಕ್ಕಿ, ತಡೆದು, ಮತ್ತೆ ಉಕ್ಕಿ. ನನಗೆ ಮಾತ್ರ ನಗು ಬರಲಿಲ್ಲ. ಮೂಲೆಯಲ್ಲಿ ರಾಶಿಬಿದ್ದ ದಾರದ ತುಂಡುಗಳು ಕರೆಯುತ್ತಿದ್ದವು.

"ಇದು ನಗೋ ವಿಷಯಾನಾ?" ಎಂದು ಅವರು ಗುಡುಗಿದರು. ಆ ಸದ್ದಿಗೆ ಜೋಲಿಯಲ್ಲಿದ್ದ ಕೂಸಿಗೆ ಎಚ್ಚರವಾಯಿತು. ಅಳುವ ಬದಲು ಜೋಲಿಯಿಂದ ತಲೆ ಹೊರಗೆ ಹಾಕಿ, ವಿಭೂತಿಯ ಹಣೆ ನೋಡಿ, ಎರಡೇ ಹಲ್ಲು ತೋರಿಸಿ ಕಿಲಕಿಲ ನಕ್ಕಿತು. ಗಲ್ಲದಲ್ಲಿ ಅಂಗೈಯಗಲ ಕಾಡಿಗೆ. ಅವರ ಕೈ ತಾನಾಗಿ ಮುಂದೆ ಹೋಗಿ ಅದರ ಗಲ್ಲ ಹಿಡಿಯಿತು.

"ಥೂ! ಏನ್ ಕೆಟ್ಟ ಮುಖಾನಪ್ಪಾ ನಿಂದು, ಕಪ್ಪೆಮರಿ! ಯಾರೂ ಎತ್ಕೊಳ್ಳಲ್ಲ ನಿನ್ನ, ಥೂ ಥೂ..."

ಅಲ್ಲಿಗೆ ನಿಂತರು. ಯೂನಿಟ್ಟಿಗೆ ಯೂನಿಟ್ಟೇ ಅವರ ಮುಖ ನೋಡುತ್ತಿತ್ತು. ಅವರು ಕೂಸನ್ನು ನೋಡಿದರು. ಕೈಯಲ್ಲಿದ್ದ ಫೋನು ನೋಡಿದರು. ಗೋಡೆಯಲ್ಲಿ ನೇತಾಡುತ್ತಿದ್ದ ಪ್ಯಾಂಟನ್ನು ನೋಡಿದರು. ಹೊನ್ನೂರಕ್ಕ ಒಂದೇ ಒಂದು ಸಲ ಹುಬ್ಬು ಹಾರಿಸಿದಳು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು. ಕಣ್ಣೊರೆಸಿಕೊಂಡು ಹೋಗಿ ಪ್ಯಾಂಟು ಇಳಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಜಿಪ್ಪು ಎಳೆದು, ಜೇಬು ತಿರುವಿದರು. ಒಳಗೆ ಕಪ್ಪು ದಾರದ ಪುಟ್ಟ ಹೊಲಿಗೆ. ಹೊನ್ನೂರಕ್ಕ ಯಾವಾಗ ಹಾಕಿದ್ದಳೋ ನನಗೇ ಗೊತ್ತಿರಲಿಲ್ಲ.

"ಇದನ್ನ ಹೊಲಿದೋರು ಯಾರಮ್ಮ?"

ನಾನು ಎದ್ದು ನಿಂತೆ.

"ಥೂ," ಎಂದರು ಅವರು, ಮನಸಾರೆ.

ಆ ಗದ್ದಲದಲ್ಲಿ ಸಾವ್ಕಾರರು ಸಂತೋಷಕ್ಕೂ ತೆಲುಗಿಗೇ ಹೋದದ್ದು, ತಣ್ಣಗಾದ ಚಹಾವನ್ನೇ ಅಂಗಡಿಯವರು ಎರಡು ಲೋಟ ಕುಡಿದದ್ದು, ಕಿಟಕಿ ಪಕ್ಕದ ಮಿಷಿನ್ನಿಗೆ ನಾನು ಕುಂಕುಮ ಹಚ್ಚಿದ್ದು ಎಲ್ಲ ಆಯಿತು. ಗ್ರೂಪಿನಲ್ಲಿ ಕೆಲಸದ ವಿಷಯ ಅಂದಿಗೆ ನಿಂತಿತು. ಗುಲಾಬಿ, ಚಂದ್ರ ಮಾತ್ರ ಉಳಿದವು. ಉಗಿಯುವುದಿದ್ದರೆ ಎದ್ದು ಬಂದು ಎದುರಿಗೇ ಉಗಿಯಬೇಕು ಎಂದು ಹೊಸ ಕಾನೂನಾಯಿತು. ನಾವು ಮತ್ತೆ ತಲೆ ಎತ್ತಿ ಮುಖ ಮುಖ ನೋಡಿಕೊಂಡು ಕೆಲಸ ಮಾಡತೊಡಗಿದೆವು. ನಂಬಿ, ಕೆಲಸ ಮೊದಲಿಗಿಂತ ಬೇಗ ಸಾಗುತ್ತಿತ್ತು.

ಈಗ ತಿಳಿಯಿತಲ್ಲ, ಆ "ಸೂಪರ್ ಅಕ್ಕಾ"ಗಳ ನಡುವೆ ನಾನು ಯಾಕೆ ಅನ್ನ ಬಿಟ್ಟು ಕೂತಿದ್ದೆ ಎಂದು. ನಾನು ಆ ಯೂನಿಟ್ಟು ಬಿಟ್ಟು ನಮ್ಮೂರ ಕಡೆಗೆ ಬಂದು ಅಂಗಡಿ ಹಾಕಿದ್ದು ಹೊನ್ನೂರಕ್ಕನಿಗೆ ಇಷ್ಟವಿರಲಿಲ್ಲವೇನೋ. ಅಥವಾ ಫೋಟೋದಲ್ಲಿದ್ದ ಪ್ಯಾಂಟು ಬೈಗುಳಕ್ಕೆ ತಕ್ಕದ್ದಾಗಿರಲಿಲ್ಲವೇನೋ. ಎದುರಿಗಿದ್ದಿದ್ದರೆ ಮುಖ ನೋಡಿ ಹೇಳುತ್ತಿದ್ದೆ. ನೀಲಿ ಗೀಟನ್ನು ನೋಡಿ ಏನು ಹೇಳಲಿ?

ಮೊನ್ನೆ ಬೆಳಿಗ್ಗೆ ಅವಳದೊಂದು ಮೆಸೇಜು ಬಂತು. "ಅಂಗಡ್ಯಾಗ ಇರ್ತಿಯೇನು?" ಅಷ್ಟೇ. ನಾನು ಗದ್ದ ಮೇಲೆತ್ತಿ, ಇರದೆ ಎಲ್ಲಿ ಹೋಗಲಿ ಎಂದು ಹುಬ್ಬು ಹಾರಿಸಿ, ಫೋನು ಕೆಳಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ, ಕಲ್ಯಾಣದುರ್ಗದಲ್ಲಿ ಒಂದು ಬಸ್ಸು, ಪಾವಗಡದಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ, ಚೀಲ ಹಿಡಿದು, ಧೂಳು ಮೆತ್ತಿದ ಅಗಲ ಮುಖ ಬಾಗಿಲಲ್ಲಿ ನಿಂತಿತ್ತು.

"ಮೆಸೇಜಿಗೆ ಉತ್ತರ ಯಾಕ ಕೊಡ್ಲಿಲ್ಲ?"

"ಕೊಟ್ನಲ್ಲಕ್ಕಾ..."

"ಹುಬ್ಬು ಹಾರ್ಸಿರ್ತಿ. ಗೊತ್ತಾತು ನನಗ, ಅದಕ್ಕ ಬಸ್ ಹತ್ತಿದೆ."

ನೀರು ಕೊಟ್ಟೆ. ಕುಡಿದಳು. ಚಹಾ ಮಾಡಿಕೊಟ್ಟೆ. "ಚಲೋ ಐತಿ" ಎಂದಳು, ನನ್ನ ಜೀವ ಅರ್ಧ ಹೋಯಿತು. ಎದ್ದು ಅಂಗಡಿಯನ್ನೆಲ್ಲ ಸುತ್ತಿದಳು. ಮಿಷಿನ್ನಿನ ಗಾಲಿ ತಿರುಗಿಸಿದಳು. ಮೊಳೆಯಲ್ಲಿದ್ದ ಪ್ಯಾಂಟು ಇಳಿಸಿ, ಬೆಳಕಿಗೆ ಹಿಡಿದು, ಒಳಗೆ ತಿರುವಿ, ಹೊರಗೆ ತಿರುವಿ, ಜಿಪ್ಪು ಎಳೆದು ನೋಡಿದಳು. ಅವಳು ನನ್ನ ಕಡೆ ತಿರುಗಿದಾಗ ಮೂಗುಬಟ್ಟು ಕುಣಿಯುತ್ತಿದ್ದವು.

"ಥೂ! ಇದೊಂದ್ ಅಂಗಡಿ, ನೀನೊಬ್ಬಾಕಿ ಟೈಲರು! ಯಾವ ದರಿದ್ರದೋನು ಬರ್ತಾನಲೇ ಇಲ್ಲಿಗೆ? ಥೂ ಥೂ ಥೂ!"

ನಾನು ಅಳುತ್ತ ನಗುತ್ತ ಅವಳನ್ನು ತಬ್ಬಿಕೊಂಡೆ. "ಈ ಮಾತು ಗ್ರೂಪಲ್ಲಿ ಹಾಕಾಕೆ ನಿಂಗೇನಾಗಿತ್ತಕ್ಕಾ? ವಾರದಿಂದ ಕಾಯ್ತಾ ಇವ್ನಿ."

ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು.

"ಹುಚ್ಚಿ," ಎಂದಳು. "ಅಷ್ಟು ದೂರದಿಂದ ಉಗುಳಿದ್ರ ನಿನಗ ಮುಟ್ಟತೈತೇನು?"